ಬೊಜ್ಜಿನ ಹೊಸ ಚುಚ್ಚುಮದ್ದುಗಳ ಪ್ರಯೋಗಕ್ಕೆ ಸೇರುವ ಮುನ್ನ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಒಂದು ಆಸ್ಪತ್ರೆಯ ಔಷಧ ಪ್ರಯೋಗ ವಿಭಾಗದಲ್ಲಿ ಕೆಲವು ವರ್ಷ ಸಂಯೋಜಕಿಯಾಗಿದ್ದೆ. ನಾನು ವೈದ್ಯೆಯಲ್ಲ. ಒಪ್ಪಿಗೆ ಪತ್ರ ಓದಿ ಹೇಳುವುದು, ತೂಕ ಬರೆದುಕೊಳ್ಳುವುದು, ಚುಚ್ಚುಮದ್ದು ತುಂಬಿದ ಪೆನ್ನುಗಳನ್ನು ಎಣಿಸಿ ಕೊಟ್ಟು ಖಾಲಿಯಾದವನ್ನು ಎಣಿಸಿ ವಾಪಸ್ ಪಡೆಯುವುದು ನನ್ನ ಕೆಲಸವಾಗಿತ್ತು. ಡಾಕ್ಟರ ಮುಂದೆ ಎಲ್ಲದಕ್ಕೂ ತಲೆಯಾಡಿಸಿದವರು ಹೊರಗೆ ಬಂದು ನನ್ನ ಮೇಜಿನೆದುರು ಕುಳಿತು ದನಿ ತಗ್ಗಿಸಿ ಕೇಳುತ್ತಿದ್ದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ನಿಮ್ಮ ದೇಹಕ್ಕೆ ಏನು ಸರಿ ಎಂಬುದನ್ನು ನಿಮ್ಮ ವೈದ್ಯರೇ ಹೇಳಬೇಕು.

ಈ ಚುಚ್ಚುಮದ್ದು ಒಳಗೆ ಹೋಗಿ ಮಾಡುವುದಾದರೂ ಏನು? ಕೊಬ್ಬನ್ನು ಕರಗಿಸುತ್ತದೆಯೇ?

ನೇರವಾಗಿ ಕರಗಿಸುವುದಿಲ್ಲ, ಹಸಿವನ್ನು ತಗ್ಗಿಸುತ್ತದೆ. ಊಟ ಮಾಡಿದಾಗ ನಮ್ಮ ಕರುಳು ಜಿಎಲ್‌ಪಿ-1 ಎಂಬ ಹಾರ್ಮೋನನ್ನು ಬಿಡುತ್ತದೆ. ಅದು ಇನ್ಸುಲಿನ್ ಹೊರಬರಲು ನೆರವಾಗುತ್ತದೆ, ಹೊಟ್ಟೆ ಖಾಲಿಯಾಗುವ ವೇಗವನ್ನು ತಗ್ಗಿಸುತ್ತದೆ, ಮಿದುಳಿಗೆ ‘ಸಾಕು’ ಎಂಬ ಸುದ್ದಿ ಮುಟ್ಟಿಸುತ್ತದೆ. ತೊಂದರೆಯೆಂದರೆ, ರಕ್ತದಲ್ಲಿ ಅದರ ಅರ್ಧಾಯುಷ್ಯ, ಅಂದರೆ ಅರ್ಧದಷ್ಟು ಒಡೆದುಹೋಗಲು ಹಿಡಿಯುವ ಕಾಲ, ಒಂದೆರಡು ನಿಮಿಷ ಮಾತ್ರ. ಹೀಗಾಗಿ ಅದೇ ಕೆಲಸ ಮಾಡುವ, ಆದರೆ ಬೇಗ ಒಡೆದುಹೋಗದ ಅಣುವಿಗಾಗಿ ಹುಡುಕಾಟ ನಡೆಯಿತು. ಮೊದಲ ಸುಳಿವು ಸಿಕ್ಕಿದ್ದು ಅಮೆರಿಕದ ಮರುಭೂಮಿಯ ಗಿಲಾ ಮಾನ್‌ಸ್ಟರ್ ಎಂಬ ವಿಷದ ಹಲ್ಲಿಯಲ್ಲಿ. ಅದರ ವಿಷದಲ್ಲಿದ್ದ ಒಂದು ಪದಾರ್ಥದಿಂದ ಎಕ್ಸೆನಟೈಡ್ ತಯಾರಾಗಿ 2005ರಲ್ಲಿ ಮಧುಮೇಹಕ್ಕೆಂದು ಅಮೆರಿಕದಲ್ಲಿ ಅನುಮತಿ ಪಡೆಯಿತು. ಅದನ್ನು ದಿನಕ್ಕೆ ಎರಡು ಬಾರಿ ಚುಚ್ಚಿಕೊಳ್ಳಬೇಕಿತ್ತು. ಮುಂದೆ ಬಂದ ಲಿರಾಗ್ಲುಟೈಡ್ ದಿನಕ್ಕೊಮ್ಮೆ, ಸೆಮಾಗ್ಲುಟೈಡ್ ವಾರಕ್ಕೊಮ್ಮೆ. ಟಿರ್ಜೆಪಟೈಡ್ ಕೂಡ ವಾರಕ್ಕೊಮ್ಮೆಯೇ, ಆದರೆ ಅದು ಜಿಎಲ್‌ಪಿ-1 ಜೊತೆಗೆ ಜಿಐಪಿ ಎಂಬ ಇನ್ನೊಂದು ಹಾರ್ಮೋನಿನ ಬಾಗಿಲನ್ನೂ ತಟ್ಟುತ್ತದೆ.

ಇವೆಲ್ಲ ಮೂಲತಃ ಸಕ್ಕರೆ ಕಾಯಿಲೆಯ ಔಷಧಗಳಾಗಿ ಬಂದವು. ತೂಕ ಇಳಿಯುವುದು ಕಂಡ ಮೇಲೆ ಬೊಜ್ಜಿಗೆಂದೇ ಬೇರೆ ಪ್ರಯೋಗಗಳನ್ನು ಮಾಡಿದರು.

ಔಷಧ ಈಗಾಗಲೇ ಅಂಗಡಿಯಲ್ಲಿ ಸಿಗುತ್ತಿದೆಯಲ್ಲ, ಇನ್ನೂ ಪ್ರಯೋಗ ಏಕೆ?

ಟಿರ್ಜೆಪಟೈಡ್ 2025ರ ಮಾರ್ಚ್‌ನಲ್ಲಿ, ಬೊಜ್ಜಿನ ಸೆಮಾಗ್ಲುಟೈಡ್ ಅದೇ ವರ್ಷದ ಜೂನ್‌ನಲ್ಲಿ ಭಾರತದ ಮಾರುಕಟ್ಟೆಗೆ ಬಂದದ್ದು ನಿಜ. ಆದರೆ ಸಾಲಿನಲ್ಲಿ ಇನ್ನೂ ಹಲವು ನಿಂತಿವೆ. ಮೂರು ಹಾರ್ಮೋನುಗಳ ಕೆಲಸವನ್ನು ಒಂದೇ ಅಣು ಮಾಡುವ ರೆಟಾಟ್ರುಟೈಡ್, ಸೆಮಾಗ್ಲುಟೈಡ್ ಜೊತೆ ಕ್ಯಾಗ್ರಿಲಿಂಟೈಡ್ ಬೆರೆಸಿದ ಕ್ಯಾಗ್ರಿಸೆಮಾ, ತಿಂಗಳಿಗೊಮ್ಮೆ ಚುಚ್ಚಿಕೊಂಡರೆ ಸಾಕಾದೀತು ಎಂಬ ನಿರೀಕ್ಷೆಯ ಮಾರಿಟೈಡ್, ಚೀನಾದಲ್ಲಿ 2025ರಲ್ಲಿ ಅನುಮತಿ ಪಡೆದ ಮಜ್ಡುಟೈಡ್.

ಇನ್ನೊಂದು ಕಾರಣ ಹಳೆಯದು. ತೂಕ ಇಳಿಸುವ ಔಷಧಗಳ ಚರಿತ್ರೆ ಅಷ್ಟೇನೂ ಮರ್ಯಾದೆಯದಲ್ಲ. ಅಮೆರಿಕದಲ್ಲಿ ಫೆನ್-ಫೆನ್ ಎಂದು ಮನೆಮಾತಾಗಿದ್ದ ಜೋಡಿಯಲ್ಲಿನ ಫೆನ್‌ಫ್ಲುರಮೈನ್ ಹೃದಯದ ಕವಾಟಗಳನ್ನು ಕೆಡಿಸಿತೆಂದು 1997ರಲ್ಲಿ ಹಿಂದೆ ಸರಿಯಿತು. ಯುರೋಪಿನಲ್ಲಿ 2006ರಲ್ಲಿ ಬಂದ ರಿಮೊನಬಾಂಟ್, ಜನರನ್ನು ಖಿನ್ನತೆಗೆ ದೂಡುತ್ತಿದೆ ಎಂದು ಎರಡೇ ವರ್ಷದಲ್ಲಿ ನಿಂತಿತು. ಹೃದಯಕ್ಕೆ ಅಪಾಯ ಎಂದು 2010ರಲ್ಲಿ ಸಿಬುಟ್ರಮೈನ್ ಹೋಯಿತು, ಕ್ಯಾನ್ಸರ್ ಅನುಮಾನದಿಂದ 2020ರಲ್ಲಿ ಲಾರ್ಕಾಸೆರಿನ್. ತೂಕ ಇಳಿಸಿಕೊಳ್ಳಲು ಬಂದವರಿಗೆ ‘ಈಚೆಗೆ ಬೇಸರವಾಗುತ್ತದೆಯೇ, ಸಾಯಬೇಕೆನ್ನಿಸಿದೆಯೇ’ ಎಂದು ಪ್ರತಿ ಭೇಟಿಯಲ್ಲೂ ಕೇಳುವುದೇಕೆ ಎಂದು ಅನೇಕರು ಮುನಿಸಿಕೊಳ್ಳುತ್ತಿದ್ದರು. ಆ ಪ್ರಶ್ನಾವಳಿಯ ಹಿಂದೆ ರಿಮೊನಬಾಂಟ್ ಇದೆ.

ಮೊದಲನೇ ಹಂತ, ಮೂರನೇ ಹಂತ ಎನ್ನುತ್ತಾರೆ. ನನಗೆ ಅದರಿಂದ ಏನು ವ್ಯತ್ಯಾಸ?

ಬಹಳ ವ್ಯತ್ಯಾಸವಿದೆ. ಮೊದಲನೇ ಹಂತದಲ್ಲಿ ಕೆಲವೇ ಹತ್ತಾರು ಜನರ ಮೇಲೆ ‘ಇದನ್ನು ದೇಹ ತಡೆದುಕೊಳ್ಳುತ್ತದೆಯೇ’ ಎಂದು ನೋಡುತ್ತಾರೆ. ಎರಡನೆಯದರಲ್ಲಿ ಯಾವ ಡೋಸ್ ಸರಿ ಎಂದು ಹುಡುಕುತ್ತಾರೆ. ರೆಟಾಟ್ರುಟೈಡ್‌ನ ಎರಡನೇ ಹಂತದಲ್ಲಿ ಇದ್ದವರು 338 ಮಂದಿ. ಮೂರನೆಯದರಲ್ಲಿ ಸಾವಿರಾರು ಜನ, ವರ್ಷಕ್ಕೂ ಮೀರಿದ ಅವಧಿ. ಸೆಮಾಗ್ಲುಟೈಡ್ ಹೃದಯಾಘಾತವನ್ನು ತಡೆಯುತ್ತದೆಯೇ ಎಂದು ನೋಡಿದ ಸೆಲೆಕ್ಟ್ ಎಂಬ ಪ್ರಯೋಗದಲ್ಲಿ 41 ದೇಶಗಳ 17,604 ಮಂದಿ ಇದ್ದರು. ಮಾರುಕಟ್ಟೆಗೆ ಬಂದ ಮೇಲಿನ ನಿಗಾ ನಾಲ್ಕನೇ ಹಂತ.

ನಿಮ್ಮನ್ನು ಕರೆಯುತ್ತಿರುವುದು ಯಾವ ಹಂತಕ್ಕೆ ಎಂದು ಮೊದಲು ಕೇಳಿ. ಮನುಷ್ಯರ ಮೈಯಲ್ಲಿ ಅಷ್ಟಾಗಿ ಓಡಾಡಿರದ ಔಷಧಕ್ಕೂ, ಆಗಲೇ ಸಾವಿರ ಜನ ಪಡೆದಿರುವ ಔಷಧಕ್ಕೂ ಒಂದೇ ಬಗೆಯ ಧೈರ್ಯ ಸಾಲದು.

ನನ್ನನ್ನು ಸೇರಿಸಿಕೊಳ್ಳುತ್ತಾರೆಯೇ?

ಹೆಚ್ಚಿನ ದೊಡ್ಡ ಪ್ರಯೋಗಗಳ ಹೊಸ್ತಿಲು ಒಂದೇ ತೆರನಾದದ್ದು: ಬಿಎಂಐ (ಎತ್ತರಕ್ಕೆ ತಕ್ಕ ತೂಕವೇ ಎಂದು ನೋಡುವ ಅಳತೆ) 30 ಅಥವಾ ಅದಕ್ಕೆ ಮೇಲೆ, ಇಲ್ಲವೇ 27 ದಾಟಿದ್ದು ಜೊತೆಗೆ ಬಿಪಿ, ಕೊಲೆಸ್ಟರಾಲ್, ನಿದ್ದೆಯಲ್ಲಿ ಉಸಿರುಕಟ್ಟುವಿಕೆಯಂಥ ಒಂದು ತೊಂದರೆ. ಇದು ಪಾಶ್ಚಾತ್ಯರ ಅಳತೆ. ನಮ್ಮವರಿಗೆ ಕಡಿಮೆ ತೂಕಕ್ಕೇ ಹೊಟ್ಟೆಯ ಸುತ್ತ ಕೊಬ್ಬು ಸೇರಿ ಸಕ್ಕರೆ, ಬಿಪಿ ಹತ್ತಿಕೊಳ್ಳುವುದರಿಂದ ಭಾರತೀಯ ತಜ್ಞರು 2009ರಲ್ಲೇ 23ಕ್ಕೆ ಅಧಿಕ ತೂಕ, 25ಕ್ಕೆ ಬೊಜ್ಜು ಎಂದು ಗೆರೆ ಎಳೆದಿದ್ದಾರೆ. ಹೀಗಾಗಿ ಇಲ್ಲಿನ ಡಾಕ್ಟರು ‘ನಿಮಗೆ ಬೊಜ್ಜಿದೆ’ ಎಂದರೂ ಅಂತರರಾಷ್ಟ್ರೀಯ ಪ್ರಯೋಗದವರು ‘ಸಾಲದು’ ಎಂದು ವಾಪಸ್ ಕಳುಹಿಸಬಹುದು. ಅದನ್ನು ಕೇಳಿ ಒಬ್ಬ ಹೆಂಗಸು ‘ಜೀವನದಲ್ಲಿ ಮೊದಲ ಸಲ ಸಣ್ಣ ಅನ್ನಿಸಿಕೊಂಡೆ’ ಎಂದು ಖುಷಿಯಿಂದಲೇ ಹೋದರು.

ಹೊರಗಿಡುವ ಪಟ್ಟಿ ಇನ್ನೂ ಉದ್ದವಿರುತ್ತದೆ. ಥೈರಾಯ್ಡ್‌ನ ಮೆಡ್ಯುಲರಿ ಕ್ಯಾನ್ಸರ್ ನಿಮಗೋ ಮನೆತನದಲ್ಲೋ ಇದ್ದರೆ, ಮೇದೋಜೀರಕ ಗ್ರಂಥಿ ಊದಿಕೊಂಡ ಇತಿಹಾಸವಿದ್ದರೆ, ಬಸುರಿಯಾಗಿದ್ದರೆ, ಹಾಲೂಡಿಸುತ್ತಿದ್ದರೆ, ಬೊಜ್ಜಿನ ಶಸ್ತ್ರಚಿಕಿತ್ಸೆ ಆಗಿದ್ದರೆ ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ಹಿಂದಿನ ಮೂರು ತಿಂಗಳಲ್ಲಿ ತೂಕ 5 ಕೆ.ಜಿ.ಗಿಂತ ಹೆಚ್ಚು ಏರಿಳಿದಿರಬಾರದು ಎಂಬ ನಿಯಮ ಜನರನ್ನು ಹೆಚ್ಚು ನೋಯಿಸುತ್ತದೆ. ಮಗಳ ಮದುವೆಗೆಂದು ರಾತ್ರಿ ಊಟ ಬಿಟ್ಟು 7 ಕೆ.ಜಿ. ಇಳಿಸಿಕೊಂಡಿದ್ದ ಮಾವಳ್ಳಿಯ ಒಬ್ಬ ಅಂಗಡಿ ಯಜಮಾನರಿಗೆ ‘ಮೂರು ತಿಂಗಳು ಬಿಟ್ಟು ಬನ್ನಿ’ ಎಂದಾಗ, ‘ಕಷ್ಟಪಟ್ಟಿದ್ದಕ್ಕೆ ಶಿಕ್ಷೆಯೇ ತಾಯಿ?’ ಎಂದರು. ಅವರ ತೂಕ ಆಗಲೇ ಇಳಿಜಾರಿನಲ್ಲಿದ್ದರೆ ಅದನ್ನು ಔಷಧದ ಲೆಕ್ಕಕ್ಕೆ ಬರೆಯಲಾಗದು. ಅವರಿಗೆ ಹಾಗೆಂದು ಹೇಳಿದೆ, ಅವರಿಗೇನೂ ಸಮಾಧಾನವಾದಂತೆ ಕಾಣಲಿಲ್ಲ.

ನನಗೆ ನಿಜವಾದ ಮದ್ದೇ ಸಿಗುತ್ತದೆಯೇ?

ಸಿಗಬಹುದು, ಸಿಗದೆಯೂ ಇರಬಹುದು. ಚೀಟಿ ಎತ್ತಿದಂತೆ ಕಂಪ್ಯೂಟರ್ ನಿರ್ಧರಿಸುತ್ತದೆ. ಡಾಕ್ಟರಿಗೂ ನನಗೂ ಅದರಲ್ಲಿ ಕೈಯಿರುವುದಿಲ್ಲ, ಎಷ್ಟು ಪರಿಚಯವಿದ್ದರೂ ಶಿಫಾರಸು ನಡೆಯುವುದಿಲ್ಲ. 2021ರಲ್ಲಿ ಪ್ರಕಟವಾದ, ಸೆಮಾಗ್ಲುಟೈಡ್‌ಗೆ ಹೆಸರು ತಂದ ಸ್ಟೆಪ್-1 ಪ್ರಯೋಗದಲ್ಲಿ 1,961 ಮಂದಿ ಇದ್ದರು. ಔಷಧ ಪಡೆದ ಇಬ್ಬರಿಗೆ ಒಬ್ಬರಂತೆ ಪ್ಲಸೀಬೊ ಗುಂಪಿಗೆ ಹಂಚಿದ್ದರು. ಪ್ಲಸೀಬೊ ಪೆನ್ನು ನೋಡಲು ಅದೇ ರೀತಿ, ಒಳಗೆ ಔಷಧವಿಲ್ಲದ ದ್ರವ.

‘ಸುಮ್ಮನೆ ನೀರು ಚುಚ್ಚುವುದಾದರೆ ನಮಗೇನು ಲಾಭ?’ ಎಂಬುದು ನ್ಯಾಯವಾದ ಪ್ರಶ್ನೆ. ಪ್ಲಸೀಬೊ ಗುಂಪಿನವರಿಗೂ ಆಹಾರ ಸಲಹೆ, ವ್ಯಾಯಾಮದ ಗುರಿ, ನಿಯಮಿತ ತಪಾಸಣೆ ಎಲ್ಲ ಇರುತ್ತದೆ. ಸ್ಟೆಪ್-1ರಲ್ಲಿ ಅವರ ತೂಕ 68 ವಾರಗಳಲ್ಲಿ ಸರಾಸರಿ 2.4% ಇಳಿಯಿತು, ಸೆಮಾಗ್ಲುಟೈಡ್ ಪಡೆದವರದು 14.9%. ಆ 2.4% ಇಲ್ಲದೆ 14.9% ಅನ್ನು ತೂಗಿ ನೋಡುವುದು ಹೇಗೆ? ಒಳ್ಳೆಯ ಔಷಧ ಮಾರುಕಟ್ಟೆಯಲ್ಲಿರುವಾಗ ಇನ್ನೂ ಪ್ಲಸೀಬೊ ಕೊಡುವುದು ಎಷ್ಟು ಸರಿ ಎಂಬ ಚರ್ಚೆ ಮಾತ್ರ ದಿನದಿನಕ್ಕೆ ಬಿರುಸಾಗುತ್ತಿದೆ, ಆಗಬೇಕಾದದ್ದೇ. ಎರಡು ನಿಜ ಔಷಧಗಳನ್ನೇ ಎದುರುಬದುರು ನಿಲ್ಲಿಸುವ ಪ್ರಯೋಗಗಳೂ ಬಂದಿವೆ. 751 ಮಂದಿಯ ಸರ್ಮೌಂಟ್-5ರಲ್ಲಿ ಟಿರ್ಜೆಪಟೈಡ್‌ನಿಂದ 20.2%, ಸೆಮಾಗ್ಲುಟೈಡ್‌ನಿಂದ 13.7% ಇಳಿಯಿತು.

ಯಾವುದು ಸಿಕ್ಕಿದೆ ಎಂದು ಗೊತ್ತಾಗಿಯೇ ಆಗುತ್ತದಲ್ಲವೇ?

ಗುಟ್ಟಾಗಿ ಹೇಳಬೇಕೆಂದರೆ, ಹಲವರಿಗೆ ಆಗುತ್ತದೆ. ಬಿರಿಯಾನಿ ತಟ್ಟೆಯಲ್ಲಿ ಅರ್ಧ ಉಳಿಸಿ ಎದ್ದವನಿಗೆ ಯಾರೂ ಹೇಳಬೇಕಿಲ್ಲ. ಇದು ಈ ಪ್ರಯೋಗಗಳ ಒಪ್ಪಿಕೊಳ್ಳಲೇಬೇಕಾದ ದೌರ್ಬಲ್ಯ. ಆದರೂ ಊಹೆ ತಪ್ಪುವುದುಂಟು. ಸ್ಟೆಪ್-1ರಲ್ಲಿ ಪ್ಲಸೀಬೊ ಪಡೆದವರಲ್ಲೂ 17.4% ಮಂದಿ ವಾಕರಿಕೆ ಹೇಳಿಕೊಂಡಿದ್ದರು. ನಿಮ್ಮ ಊಹೆಯನ್ನು ಕಾಯುವ ಕೋಣೆಯಲ್ಲಿ ಹಂಚಿಕೊಳ್ಳಬೇಡಿ ಎಂದು ಕೇಳಿಕೊಳ್ಳುತ್ತಿದ್ದೆ. ಪಕ್ಕದವರು ಹೋಲಿಸಿಕೊಂಡು ‘ನನ್ನದು ನೀರೇ’ ಎಂದು ಬಿಟ್ಟುಹೋಗುತ್ತಾರೆ.

ತೂಕ ನೋಡುವುದಕ್ಕೆ ಅಷ್ಟೊಂದು ಶಾಸ್ತ್ರ ಏಕೆ?

ಏಕೆಂದರೆ ಇಡೀ ಪ್ರಯೋಗ ನಿಂತಿರುವುದು ಆ ಒಂದು ಅಂಕಿಯ ಮೇಲೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬರಬೇಕು, ಮೂತ್ರ ಮಾಡಿ ಬರಬೇಕು, ಚಪ್ಪಲಿ, ಸ್ವೆಟರ್, ಬೆಲ್ಟ್ ತೆಗೆಯಬೇಕು, ಜೇಬಿನಲ್ಲಿ ಮೊಬೈಲ್ ಇರಕೂಡದು. ಪ್ರತಿ ಸಲ ಅದೇ ತಕ್ಕಡಿ, ಅದು ಸರಿಯಿದೆಯೆಂದು ಪರೀಕ್ಷಿಸಿದ ದಾಖಲೆ ಬೇರೆ. ನಮ್ಮಲ್ಲಿ ಇದು ಹೇಳಿದಷ್ಟು ಸುಲಭವಲ್ಲ. ರೇಷ್ಮೆ ಸೀರೆ ಉಟ್ಟು ನೇರ ಮದುವೆಮನೆಯಿಂದ ಬಂದವರಿದ್ದರು. ಎರಡೂ ಕೈ ತುಂಬ ಬಳೆ, ಕಾಲಲ್ಲಿ ಗೆಜ್ಜೆ, ಕೊರಳಲ್ಲಿ ಎರಡೆಳೆ ಸರ. ‘ತಾಳಿ ತೆಗೆಯಬೇಕೇ?’ ಎಂದು ಒಬ್ಬರು ಗಾಬರಿಯಾಗಿ ಕೇಳಿದರು. ಬೇಡ ಎಂದೆ. ಮೊದಲ ದಿನ ಏನಿತ್ತೋ ಕೊನೆಯವರೆಗೂ ಅದೇ ಇರಲಿ, ಅಷ್ಟು ಸಾಕು. ಬಳೆಗಳ ಸಂಖ್ಯೆಯನ್ನು ನಾನು ಪೆನ್ಸಿಲಿನಲ್ಲಿ ಬರೆದಿಟ್ಟುಕೊಳ್ಳುತ್ತಿದ್ದೆ. ಯಾವ ನಿಯಮಾವಳಿಯಲ್ಲೂ ಇರದ ಕಾಲಂ ಅದು.

ಚುಚ್ಚಿಕೊಳ್ಳಲು ನರ್ಸ್ ಬೇಕೇ? ನೋವಾಗುತ್ತದೆಯೇ?

ಬೇಡ. ಹೊಟ್ಟೆ, ತೊಡೆ ಅಥವಾ ತೋಳಿನ ಮೇಲ್ಭಾಗದ ಚರ್ಮದಡಿಗೆ ಹೋಗುವ ಚಿಕ್ಕ ಸೂಜಿ ಇದು. ವಾರಕ್ಕೊಮ್ಮೆ, ಅದೇ ದಿನ, ಪ್ರತಿ ಸಲ ಜಾಗ ಬದಲಿಸಿ. ಮೊದಲ ಸಲ ಆಸ್ಪತ್ರೆಯಲ್ಲೇ ಕಲಿಸುತ್ತಾರೆ. ನೋವು ಇರುವೆ ಕಚ್ಚಿದಷ್ಟು ಎನ್ನುತ್ತಿದ್ದರು. ತಮ್ಮ ಹೊಟ್ಟೆಯನ್ನು ತಾವೇ ಹಿಡಿದು ನೋಡುವ ನಾಚಿಕೆಯೇ ಕೆಲವರಿಗೆ ಸೂಜಿಗಿಂತ ಹೆಚ್ಚು ಕಾಡುತ್ತಿತ್ತು.

ಪೆನ್ನುಗಳನ್ನು ಮನೆಯಲ್ಲಿ ಹೇಗೆ ಇಡಬೇಕು?

ಫ್ರಿಜ್ಜಿನಲ್ಲಿ, 2ರಿಂದ 8 ಡಿಗ್ರಿಯಲ್ಲಿ. ಫ್ರೀಜರಿನಲ್ಲಿ ಖಂಡಿತ ಬೇಡ, ಅದರ ಗೋಡೆಗೆ ತಾಗಿಸಿಯೂ ಬೇಡ. ಒಮ್ಮೆ ಹೆಪ್ಪುಗಟ್ಟಿದ ಪೆನ್ನು ಕರಗಿ ಮೊದಲಿನಂತೆ ಕಂಡರೂ ಬಳಸುವಂತಿಲ್ಲ. ಹಾಸನದ ಕಡೆಯವರೊಬ್ಬರು ಬಹಳ ಮುತುವರ್ಜಿಯಿಂದ ಪೆನ್ನುಗಳನ್ನು ಐಸ್‌ಗಡ್ಡೆಯ ನಡುವೆ ಹೂತು ಬಸ್ಸಿನಲ್ಲಿ ಒಯ್ದರು. ಮನೆ ತಲುಪಿ ಫೋನ್ ಮಾಡಿ ‘ಕಲ್ಲಾಗಿವೆ ಮೇಡಂ’ ಎಂದರು. ನಾಲ್ಕೂ ಹೋದವು. ಐಸ್ ಮತ್ತು ಪೆನ್ನಿನ ನಡುವೆ ಒಂದು ಬಟ್ಟೆ ಇರಬೇಕೆಂದು ನಾನೇ ಒತ್ತಿ ಹೇಳಿರಲಿಲ್ಲ. ಆಮೇಲೆ ಪ್ರತಿಯೊಬ್ಬರಿಗೂ ಬಟ್ಟೆ ಸುತ್ತಿ ತೋರಿಸಿಯೇ ಕಳುಹಿಸುತ್ತಿದ್ದೆ. ರಾತ್ರಿಯೆಲ್ಲ ಕರೆಂಟ್ ಹೋಗಿದ್ದರೆ ಮುಚ್ಚಿಡದೆ ಹೇಳಿ, ಬದಲಿ ಕೊಡುತ್ತಾರೆ.

ಒಮ್ಮೆಲೇ ಪೂರ್ಣ ಡೋಸ್ ಕೊಟ್ಟರೆ ಬೇಗ ಇಳಿಯುವುದಿಲ್ಲವೇ?

ವಾಂತಿ ಬೇಗ ಬರುತ್ತದೆ. ಸ್ಟೆಪ್-1ರಲ್ಲಿ ವಾರಕ್ಕೆ 0.25 ಮಿಲಿಗ್ರಾಂನಿಂದ ಶುರುಮಾಡಿ ನಾಲ್ಕು ನಾಲ್ಕು ವಾರಕ್ಕೊಮ್ಮೆ 0.5, 1, 1.7 ಎಂದು ಏರಿಸಿ, 16 ವಾರದ ನಂತರ 2.4 ಮಿಲಿಗ್ರಾಂ ಮುಟ್ಟಿಸಿದರು. ಕರುಳಿಗೆ ಅಭ್ಯಾಸವಾಗಲು ಅಷ್ಟು ಕಾಲ ಬೇಕು.

ಅಡ್ಡ ಪರಿಣಾಮಗಳನ್ನು ಮುಚ್ಚಿಡದೆ ಹೇಳಿ.

ಹೆಚ್ಚಿನವು ಹೊಟ್ಟೆಯವು. ಸ್ಟೆಪ್-1ರಲ್ಲಿ ಸೆಮಾಗ್ಲುಟೈಡ್ ಪಡೆದವರಲ್ಲಿ ವಾಕರಿಕೆ 44.2%, ಭೇದಿ 31.5%, ವಾಂತಿ 24.8%, ಮಲಬದ್ಧತೆ 23.4%. ಬಹುಪಾಲು ಡೋಸ್ ಏರಿಸುವ ದಿನಗಳಲ್ಲಿ ಬಂದು ಹೋಗುವಂಥವು. ಹೊಟ್ಟೆಯ ಈ ಕಾಟ ತಾಳಲಾರದೆ ಔಷಧ ನಿಲ್ಲಿಸಿದವರು 4.5%. ಅಂಕಿಗಳಲ್ಲಿ ಇದು ಸಣ್ಣದಾಗಿ ಕಾಣುತ್ತದೆ. ನಾನು ಕಂಡದ್ದನ್ನು ಹೇಳುವುದಾದರೆ, ಬಸ್ಸಿನ ಕಿಟಕಿ ಪಕ್ಕದ ಸೀಟು ಸಿಕ್ಕದಿದ್ದರೆ ಕೆಲಸಕ್ಕೇ ಹೋಗದ ದಿನಗಳು ಕೆಲವರಿಗೆ ಇದ್ದವು. ಒಗ್ಗರಣೆಯ ವಾಸನೆಗೇ ಅಡುಗೆಮನೆಯಿಂದ ಓಡಿದವರಿದ್ದರು.

ಅಪರೂಪದವು ಬೇರೆ. ಪಿತ್ತಕೋಶದಲ್ಲಿ ಕಲ್ಲು ಮತ್ತು ಅದರ ತೊಂದರೆಗಳು ಔಷಧ ಪಡೆದವರಲ್ಲಿ 2.6%, ಪ್ಲಸೀಬೊದಲ್ಲಿ 1.2%. ತೂಕ ಬೇಗ ಇಳಿದರೆ ಹೇಗೂ ಕಲ್ಲಿನ ಅಪಾಯವುಂಟು. ಮೇದೋಜೀರಕ ಗ್ರಂಥಿಯ ಊತ ವಿರಳ, ಆದರೆ ಮೇಲ್ಹೊಟ್ಟೆಯಿಂದ ಬೆನ್ನಿಗೆ ತೂರಿದಂತಹ ತೀವ್ರ ನೋವು ಬಂದರೆ ಬೆಳಗಾಗಲಿ ಎಂದು ಕಾಯಬಾರದು. ಕಣ್ಣಿನ ನರಕ್ಕೆ ರಕ್ತ ಸರಿಯಾಗಿ ಹರಿಯದೆ ದಿಢೀರನೆ ದೃಷ್ಟಿ ಮಂಕಾಗುವ ತೊಂದರೆಯನ್ನು ಯುರೋಪಿನ ಔಷಧ ಸಂಸ್ಥೆ 2025ರಲ್ಲಿ ಸೆಮಾಗ್ಲುಟೈಡ್‌ನ ಅತಿ ವಿರಳ ಅಡ್ಡ ಪರಿಣಾಮವೆಂದು ಒಪ್ಪಿತು. ಹೆಚ್ಚೆಂದರೆ 10,000ದಲ್ಲಿ ಒಬ್ಬರಿಗೆ. ಇಷ್ಟು ವಿರಳವಾದುದನ್ನು 2,000 ಜನರ ಪ್ರಯೋಗ ಹಿಡಿಯಲಾರದು. ನಾಲ್ಕನೇ ಹಂತ ಇರುವುದು ಇಂಥದ್ದಕ್ಕೇ.

ಬೇರೆ ಯಾವುದಾದರೂ ಶಸ್ತ್ರಚಿಕಿತ್ಸೆ ಇದ್ದರೆ ಅರಿವಳಿಕೆ ಕೊಡುವವರಿಗೆ ಈ ಚುಚ್ಚುಮದ್ದಿನ ವಿಷಯ ತಿಳಿಸಿ. ಹೊಟ್ಟೆ ನಿಧಾನವಾಗಿ ಖಾಲಿಯಾಗುವುದರಿಂದ, ಉಪವಾಸವಿದ್ದರೂ ಒಳಗೆ ಆಹಾರ ಉಳಿದಿರಬಹುದು.

ಮುದ್ದೆ, ಅನ್ನ ಬಿಡಬೇಕೇ?

ಬಿಡಬೇಕಿಲ್ಲ, ಕಡಿಮೆ ಮಾಡಬೇಕು. ಸ್ಟೆಪ್-1ರಲ್ಲಿ ದಿನಕ್ಕೆ 500 ಕ್ಯಾಲರಿ ಕಡಿತ ಮತ್ತು ವಾರಕ್ಕೆ 150 ನಿಮಿಷ ನಡಿಗೆಯಂಥ ಚಟುವಟಿಕೆ ಎಲ್ಲರಿಗೂ ಇತ್ತು, ಪ್ಲಸೀಬೊದವರಿಗೂ. ಕಷ್ಟವಿರುವುದು ಡೈರಿ ಬರೆಯುವುದರಲ್ಲಿ. ‘ಮಧ್ಯಾಹ್ನ: ಒಂದು ಮುದ್ದೆ, ಸೊಪ್ಪಿನ ಸಾರು’ ಎಂದು ಬರೆದು ತರುತ್ತಿದ್ದರು. ಎಷ್ಟು ದೊಡ್ಡ ಮುದ್ದೆ? ಮಂಡ್ಯದ ಹೊಲದಲ್ಲಿ ದುಡಿಯುವವರ ಮುದ್ದೆಯೇ, ಜಯನಗರದ ಹೋಟೆಲಿನದೇ? ಕೊನೆಗೆ ನಮ್ಮ ಆಹಾರ ತಜ್ಞೆ ಜೇಡಿಮಣ್ಣಿನಲ್ಲಿ ಮೂರು ಗಾತ್ರದ ಉಂಡೆ ಮಾಡಿ ಮೇಜಿನ ಮೇಲಿಟ್ಟರು. ಜನ ಮುಟ್ಟಿ ನೋಡಿ ‘ಇದು’ ಎಂದು ತೋರಿಸುತ್ತಿದ್ದರು. ಹೆಚ್ಚಿನವರು ಮಧ್ಯದ್ದನ್ನು ತೋರಿಸಿ, ಹೆಂಡತಿಯ ಮುಖ ನೋಡಿ, ದೊಡ್ಡದಕ್ಕೆ ಬೆರಳು ಸರಿಸುತ್ತಿದ್ದರು.

ಏಕಾದಶಿ, ರಂಜಾನ್ ಉಪವಾಸ ಮಾಡಬಹುದೇ?

ಮೊದಲೇ ಹೇಳಿ. ಇನ್ಸುಲಿನ್ ಅಥವಾ ಸಕ್ಕರೆ ತೀರಾ ಇಳಿಸುವ ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೆ ಅಪಾಯವಿದೆ. ಉಳಿದವರಿಗೂ ವಾಂತಿ, ಭೇದಿಯ ದಿನಗಳಲ್ಲಿ ನೀರಿಲ್ಲದ ಉಪವಾಸ ಮೂತ್ರಪಿಂಡಕ್ಕೆ ಹೊರೆ.

ಪತ್ರಿಕೆಯಲ್ಲಿ 20% ಎಂದು ಬಂದಿದೆ. ನನ್ನದು 90 ಕೆ.ಜಿ. ಅಂದರೆ 18 ಕೆ.ಜಿ. ಇಳಿಯುತ್ತದೆಯೇ?

ಈ ಗುಣಾಕಾರವನ್ನು ಎಲ್ಲರೂ ಮಾಡುತ್ತಾರೆ, ನಾನೂ ಮಾಡಿದ್ದೆ. ಆದರೆ ಆ 20% ಎಂಬುದು ಒಂದು ಸರಾಸರಿ, ಅದರ ಅಡಿಯಲ್ಲಿ ಬಹಳಷ್ಟು ಅಡಗಿದೆ.

ಮೊದಲನೆಯದಾಗಿ, ಯಾರ ಸರಾಸರಿ? ಸ್ಟೆಪ್-1ರಲ್ಲಿ ಇದ್ದವರ ಸರಾಸರಿ ತೂಕ 105 ಕೆ.ಜಿ. ದಾಟಿತ್ತು, ಮುಕ್ಕಾಲು ಪಾಲು ಹೆಂಗಸರು, ಮುಕ್ಕಾಲು ಪಾಲು ಬಿಳಿಯರು. ಜಪಾನ್ ಮತ್ತು ದಕ್ಷಿಣ ಕೊರಿಯಾದ 401 ಮಂದಿಯ ಸ್ಟೆಪ್-6ರಲ್ಲಿ ಅದೇ ಡೋಸಿಗೆ 13.2% ಇಳಿಯಿತು. ಮಧುಮೇಹವಿದ್ದರೆ ಇಳಿಕೆ ಇನ್ನೂ ಕಡಿಮೆ. ಟಿರ್ಜೆಪಟೈಡ್ 15 ಮಿಲಿಗ್ರಾಂ ಮಧುಮೇಹವಿಲ್ಲದವರಲ್ಲಿ 20.9% ಇಳಿಸಿದರೆ, ಮಧುಮೇಹಿಗಳ ಸರ್ಮೌಂಟ್-2ರಲ್ಲಿ 14.7% ಇಳಿಸಿತು. ಭಾರತದ ಕೇಂದ್ರಗಳೂ ಇದ್ದ ಪ್ರಯೋಗ ಅದು. ಸಕ್ಕರೆ ಕಾಯಿಲೆ ಇಷ್ಟು ವ್ಯಾಪಕವಾಗಿರುವ ನಮ್ಮಲ್ಲಿ ದೊಡ್ಡಕ್ಷರದ 20ಕ್ಕಿಂತ ಈ 14.7 ಹೆಚ್ಚು ಮನೆಗಳಿಗೆ ಹೊಂದುತ್ತದೆ ಎಂಬುದು ನನ್ನ ಅನಿಸಿಕೆ.

ಎರಡನೆಯದು, ಸರಾಸರಿಯ ಆಚೀಚೆ ಇರುವವರು. ಸ್ಟೆಪ್-1ರಲ್ಲಿ ಔಷಧ ಪಡೆದವರಲ್ಲಿ 86.4% ಮಂದಿಗೆ ಕನಿಷ್ಠ 5% ಇಳಿಯಿತು. ಉಳಿದ ನೂರಕ್ಕೆ ಹದಿನಾಲ್ಕು ಮಂದಿಗೆ ಅಷ್ಟೂ ಇಳಿಯಲಿಲ್ಲ. ಅವರು ಸೋಮಾರಿಗಳಲ್ಲ. ಕೆಲವು ದೇಹಗಳು ಈ ಔಷಧಕ್ಕೆ ಓಗೊಡುವುದಿಲ್ಲ.

ಮೂರನೆಯದನ್ನು ಕಂಪನಿಗಳ ಪ್ರಕಟಣೆ ಓದುವಾಗ ಗಮನಿಸಿ. ಒಂದೇ ಪ್ರಯೋಗಕ್ಕೆ ಎರಡು ಅಂಕಿಗಳಿರುತ್ತವೆ. ಮಧ್ಯದಲ್ಲಿ ಔಷಧ ಬಿಟ್ಟವರನ್ನೂ ಸೇರಿಸಿ ಲೆಕ್ಕ ಹಾಕಿದ್ದು ಒಂದು, ಎಲ್ಲರೂ ಬಿಡದೆ ತೆಗೆದುಕೊಂಡಿದ್ದರೆ ಎಷ್ಟಾಗುತ್ತಿತ್ತು ಎಂಬುದು ಇನ್ನೊಂದು. 3,417 ಮಂದಿಯ ಕ್ಯಾಗ್ರಿಸೆಮಾ ಪ್ರಯೋಗದಲ್ಲಿ ಮೊದಲನೆಯದು 20.4%, ಎರಡನೆಯದು 22.7%. ಕಂಪನಿ 25% ನಿರೀಕ್ಷೆ ಹುಟ್ಟಿಸಿತ್ತು. 2024ರ ಡಿಸೆಂಬರ್‌ನಲ್ಲಿ ಫಲಿತಾಂಶ ಹೊರಬಿದ್ದ ದಿನ ಅದರ ಷೇರು ಸುಮಾರು ಐದನೇ ಒಂದು ಭಾಗ ಬಿತ್ತು. ಆ ಔಷಧ ಪಡೆದವರಲ್ಲಿ ಅತಿ ಹೆಚ್ಚಿನ ಡೋಸಿನಲ್ಲಿ ಕೊನೆ ಮುಟ್ಟಿದವರು 57% ಮಾತ್ರ. ಅವರವರಿಗೆ ಆದಷ್ಟೇ ಡೋಸ್ ಏರಿಸಲು ನಿಯಮದಲ್ಲೇ ಅವಕಾಶವಿತ್ತು. ಮನುಷ್ಯರ ಹೊಟ್ಟೆ ಷೇರುಪೇಟೆಯ ಮಾತು ಕೇಳಲಿಲ್ಲ.

ಅಂದಹಾಗೆ, ಅಮೆರಿಕದ ಔಷಧ ಇಲಾಖೆ 2007ರಲ್ಲಿ ಹಾಕಿಕೊಟ್ಟ ಅಳತೆಯಲ್ಲಿ ಒಂದು ವರ್ಷದ ಕೊನೆಗೆ ಪ್ಲಸೀಬೊಗಿಂತ 5% ಹೆಚ್ಚು ಇಳಿದರೆ ಔಷಧ ಗೆದ್ದಂತೆ. ಆ ದಿನಗಳಲ್ಲಿ ಅದೇ ದೊಡ್ಡ ಕನಸು.

ಇಳಿಯುವುದೆಲ್ಲ ಕೊಬ್ಬೇ?

ಅಲ್ಲ. ಸ್ಟೆಪ್-1ರಲ್ಲಿ 140 ಮಂದಿಯನ್ನು ಮೈಯಲ್ಲಿ ಕೊಬ್ಬೆಷ್ಟು, ಉಳಿದದ್ದೆಷ್ಟು ಎಂದು ಅಳೆಯುವ ಡೆಕ್ಸಾ ಸ್ಕ್ಯಾನ್‌ಗೆ ಒಳಪಡಿಸಿದಾಗ, ಇಳಿದ ತೂಕದಲ್ಲಿ ಸುಮಾರು 40% ಸ್ನಾಯು ಸೇರಿದಂತೆ ಕೊಬ್ಬಲ್ಲದ ಭಾಗ ಎಂದು ಕಂಡಿತು. ಟಿರ್ಜೆಪಟೈಡ್‌ನ ಸರ್ಮೌಂಟ್-1ರಲ್ಲಿ ಅದು ಸುಮಾರು ಕಾಲು ಭಾಗ. ವಯಸ್ಸಾದವರಿಗೆ ಇದು ಸಣ್ಣ ಮಾತಲ್ಲ. ಬೇಳೆ, ಮೊಟ್ಟೆ, ಮೊಸರು ಮತ್ತು ಭಾರ ಎತ್ತುವ ವ್ಯಾಯಾಮದ ಬಗ್ಗೆ ಆಹಾರ ತಜ್ಞರನ್ನು ಕೇಳಿ.

ಮದುವೆಯಾದ ಹೊಸತು, ಮಗು ಬೇಕೆಂದಿದ್ದೇವೆ.

ಹಾಗಿದ್ದರೆ ಸೇರಬೇಡಿ. ಪ್ರಯೋಗದ ಉದ್ದಕ್ಕೂ ಗರ್ಭನಿರೋಧಕ ಕಡ್ಡಾಯ, ಆಗಾಗ ಗರ್ಭ ಪರೀಕ್ಷೆ. ಸೆಮಾಗ್ಲುಟೈಡ್ ಮೈಯಿಂದ ಹೋಗಲು ಕಾಲ ಹಿಡಿಯುವುದರಿಂದ ಗರ್ಭ ಧರಿಸುವ ಕನಿಷ್ಠ ಎರಡು ತಿಂಗಳ ಮೊದಲೇ ನಿಲ್ಲಿಸಬೇಕು. ಟಿರ್ಜೆಪಟೈಡ್ ಶುರುಮಾಡಿದಾಗ ಮತ್ತು ಡೋಸ್ ಏರಿಸಿದಾಗ ಗರ್ಭನಿರೋಧಕ ಮಾತ್ರೆಯ ಬಲ ಕುಗ್ಗಬಹುದು, ಹಾಗಾಗಿ ನಾಲ್ಕು ವಾರ ಬೇರೊಂದು ವಿಧಾನವೂ ಬೇಕು. ತೂಕ ಇಳಿದಂತೆ ಪಿಸಿಒಡಿ ಇರುವವರಲ್ಲಿ ಮುಟ್ಟು ಸರಿಹೋಗಿ ಅನಿರೀಕ್ಷಿತವಾಗಿ ಗರ್ಭ ನಿಲ್ಲುವುದೂ ಉಂಟು.

ಇಷ್ಟು ಪುಟದ ಒಪ್ಪಿಗೆ ಪತ್ರವನ್ನು ಓದಲೇಬೇಕೇ? ಅದರಲ್ಲಿ ನಾಮಿನಿ ಹೆಸರು ಏಕೆ?

ಓದಲೇಬೇಕು, ಅಥವಾ ಓದಿಸಿಕೊಳ್ಳಬೇಕು. ಕನ್ನಡದಲ್ಲಿ ಕೇಳಿ, ಅದು ನಿಮ್ಮ ಹಕ್ಕು. ಮನೆಗೆ ಒಯ್ದು ಯೋಚಿಸಿ ಬನ್ನಿ. ಓದು ಬಾರದವರಿದ್ದರೆ ಪ್ರಯೋಗಕ್ಕೆ ಸಂಬಂಧಪಡದ ಸಾಕ್ಷಿಯೊಬ್ಬರು ಪಕ್ಕದಲ್ಲಿ ಕೂರಬೇಕು. ಹೊಸ ಅಣುವಿನ ಪ್ರಯೋಗಕ್ಕೆ ದುರ್ಬಲ ಸ್ಥಿತಿಯಲ್ಲಿರುವವರನ್ನು ಸೇರಿಸಿಕೊಳ್ಳುವಾಗ ಒಪ್ಪಿಗೆಯ ಮಾತುಕತೆಯನ್ನು ವಿಡಿಯೊ ಮಾಡಿ ಇಡಬೇಕು. ಸಹಿ ಹಾಕಿದ ಪ್ರತಿ ನಿಮ್ಮ ಕೈಗೆ ಬರಬೇಕು.

ನಾಮಿನಿಯ ಕಾಲಂ ಬಂದಾಗ ಎಲ್ಲರೂ ಒಂದು ಗಳಿಗೆ ತಡೆಯುತ್ತಾರೆ. ‘ಇದೇನು ಎಲ್ಐಸಿಯೇ?’ ಎನ್ನುತ್ತಾರೆ. ಒಬ್ಬ ಅತ್ತೆ, ಸೊಸೆಯ ಪತ್ರದಲ್ಲಿ ಆ ಸಾಲು ಕಂಡದ್ದೇ ಕೈಹಿಡಿದು ಎಬ್ಬಿಸಿಕೊಂಡು ಹೋದರು, ಮುಂದಿನ ವಾರ ಇಬ್ಬರೂ ವಾಪಸ್ ಬಂದರು. ಪ್ರಯೋಗದಿಂದ ಜೀವಕ್ಕೆ ಅಪಾಯವಾದರೆ ಪರಿಹಾರ ಯಾರಿಗೆ ಹೋಗಬೇಕು ಎಂಬುದಕ್ಕೆ ಆ ಕಾಲಂ. ಕಾನೂನೇ ಅದನ್ನು ಕೇಳುತ್ತದೆ. ಅದನ್ನು ನೋಡಿ ಬೆಚ್ಚಿದರೆ ಒಳ್ಳೆಯದೇ ಆಯಿತು, ಪತ್ರ ಓದುತ್ತಿದ್ದೀರಿ ಎಂದು ನಮಗೆ ತಿಳಿಯುತ್ತದೆ.

ಹೆಚ್ಚುಕಡಿಮೆಯಾದರೆ ಯಾರು ಹೊಣೆ?

ಪ್ರಯೋಗ ನಡೆಸುವ ಪ್ರಾಯೋಜಕರು. 2019ರ ಹೊಸ ಔಷಧಗಳು ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ತೊಂದರೆಯಾದರೆ ಉಚಿತ ಚಿಕಿತ್ಸೆ ಕೊಡಬೇಕು. ಗಂಭೀರ ಘಟನೆಯನ್ನು 24 ಗಂಟೆಯೊಳಗೆ ಔಷಧ ಮಹಾನಿಯಂತ್ರಕರಿಗೆ, ಪ್ರಾಯೋಜಕರಿಗೆ, ಭಾಗವಹಿಸುವವರ ಹಿತ ಕಾಯುವ ನೈತಿಕ ಸಮಿತಿಗೆ ತಿಳಿಸಬೇಕು. ಪ್ರಯೋಗದಿಂದಲೇ ಸಾವು ಸಂಭವಿಸಿದ್ದರೆ ಪರಿಹಾರದ ಸೂತ್ರದ ಮೂಲ ಮೊತ್ತ 8 ಲಕ್ಷ ರೂಪಾಯಿ. ವಯಸ್ಸು ಮತ್ತು ಮೊದಲೇ ಇದ್ದ ಕಾಯಿಲೆಯ ತೀವ್ರತೆಯಂತೆ ಅದು ಏರಿಳಿಯುತ್ತದೆ. ನೈತಿಕ ಸಮಿತಿಯಲ್ಲಿ ಡಾಕ್ಟರುಗಳಲ್ಲದೆ ಕಾನೂನು ಬಲ್ಲವರು, ಜನಸಾಮಾನ್ಯರ ಕಡೆಯವರು ಇರಬೇಕು, ಅಧ್ಯಕ್ಷರು ಆ ಆಸ್ಪತ್ರೆಯವರಾಗಿರಬಾರದು. ಸಮಿತಿಯ ಫೋನ್ ನಂಬರ್ ಒಪ್ಪಿಗೆ ಪತ್ರದಲ್ಲೇ ಇರುತ್ತದೆ. ನಮ್ಮ ಮೇಲೆಯೇ ದೂರಿದ್ದರೆ ಅಲ್ಲಿಗೆ ಮಾಡಿ.

ಹಣ ಕೊಡುತ್ತಾರೆಯೇ?

ಬಸ್ ಚಾರ್ಜು, ಊಟ, ಹೋದ ದಿನದ ಕೂಲಿಯ ಬಾಬ್ತು ಕೊಡಬಹುದು. ಔಷಧ, ಪರೀಕ್ಷೆ ಉಚಿತ. ಅದಕ್ಕೂ ಮೀರಿ ಕಂತೆ ತೋರಿಸಿದರೆ ಎದ್ದು ಬನ್ನಿ.

ಮಧ್ಯದಲ್ಲಿ ಬಿಡಬಹುದೇ?

ಯಾವ ದಿನವಾದರೂ, ಕಾರಣ ಹೇಳದೆಯೂ. ಅದರಿಂದ ನಿಮ್ಮ ಮಾಮೂಲಿ ಚಿಕಿತ್ಸೆಗೆ ಕುತ್ತು ಬರಬಾರದು. ಒಂದೇ ವಿನಂತಿ: ಔಷಧ ಬಿಟ್ಟರೂ ತೂಕಕ್ಕೆ ಮಾತ್ರ ಬಂದು ಹೋಗಿ. ಬಿಟ್ಟವರೆಲ್ಲ ಕಣ್ಮರೆಯಾದರೆ ಸರಾಸರಿ ಸುಳ್ಳು ಹೇಳತೊಡಗುತ್ತದೆ.

ಪ್ರಯೋಗ ಅಸಲಿಯೋ ನಕಲಿಯೋ ಹೇಗೆ ತಿಳಿಯುವುದು?

ಸಿಟಿಆರ್‌ಐ ಎಂಬ ಭಾರತದ ಪ್ರಯೋಗ ನೋಂದಣಿ ಜಾಲತಾಣದಲ್ಲಿ ಹೆಸರಿರಬೇಕು. 2009ರಿಂದ ಅದು ಕಡ್ಡಾಯ. ನೋಂದಣಿ ಸಂಖ್ಯೆ ಕೇಳಿ, ಮನೆಯಲ್ಲಿ ಮಕ್ಕಳಿಂದ ಹುಡುಕಿಸಿ. ಇನ್ನೂ ಅನುಮತಿ ಸಿಗದ ರೆಟಾಟ್ರುಟೈಡ್ ಎಂದು ಹೇಳಿ ಪುಡಿಯ ಸೀಸೆಗಳನ್ನು ‘ಸಂಶೋಧನೆಗೆ ಮಾತ್ರ’ ಎಂಬ ಚೀಟಿ ಅಂಟಿಸಿ ಅಂತರ್ಜಾಲದಲ್ಲಿ ಮಾರುತ್ತಿದ್ದಾರೆ. ಅದು ಪ್ರಯೋಗವಲ್ಲ, ಒಳಗೇನಿದೆ ಎಂದು ಮಾರುವವನಿಗೂ ಗೊತ್ತಿರುವ ಖಾತ್ರಿಯಿಲ್ಲ. ನಕಲಿ ಸೆಮಾಗ್ಲುಟೈಡ್ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಎಚ್ಚರಿಕೆ ಕೊಟ್ಟಿತ್ತು.

ಪ್ರಯೋಗ ಮುಗಿದ ಮೇಲೆ?

ಇದನ್ನು ಸೇರುವ ದಿನವೇ ಕೇಳಬೇಕು. ಬಹುತೇಕರು ಕೊನೆಯ ಭೇಟಿಯಲ್ಲಿ ಕೇಳುತ್ತಾರೆ, ಅದಕ್ಕೇ ಈ ಪುಟ ಬರೆಯಬೇಕೆನಿಸಿತು.

ಔಷಧ ನಿಂತರೆ ಹಸಿವು ಮರಳುತ್ತದೆ. ಸ್ಟೆಪ್-1 ಮುಗಿದ ಮೇಲೆ 327 ಮಂದಿಯನ್ನು ಒಂದು ವರ್ಷ ಹಿಂಬಾಲಿಸಿದರು. ಇಳಿದಿದ್ದ ತೂಕದ ಮೂರನೇ ಎರಡು ಪಾಲು ಹಿಂದಿರುಗಿತ್ತು, ಬಿಪಿ ಮುಂತಾದವು ಮೊದಲಿನ ಮಟ್ಟದತ್ತ ಸರಿದಿದ್ದವು. ಸರ್ಮೌಂಟ್-4ರಲ್ಲಿ ಎಲ್ಲರಿಗೂ 36 ವಾರ ಟಿರ್ಜೆಪಟೈಡ್ ಕೊಟ್ಟು ತೂಕ 20.9% ಇಳಿದ ಮೇಲೆ ಅರ್ಧ ಜನರನ್ನು ಪ್ಲಸೀಬೊಗೆ ಬದಲಿಸಿದರು. ಅವರ ತೂಕ ಮತ್ತೆ 14% ಏರಿತು. ಮುಂದುವರಿಸಿದವರದು ಇನ್ನೂ 5.5% ಇಳಿಯಿತು. ಬಿಪಿ ಮಾತ್ರೆಯಂತೆ ಇದೂ ಬಹುಕಾಲದ ಔಷಧ ಎಂದು ಈ ಪ್ರಯೋಗಗಳೇ ಹೇಳುತ್ತಿವೆ, ಆದರೆ ಪ್ರಯೋಗದ ಪೆನ್ನುಗಳು ಒಂದು ದಿನಾಂಕಕ್ಕೆ ನಿಲ್ಲುತ್ತವೆ.

ಮುಂದೆಯೂ ಉಚಿತವಾಗಿ ಕೊಡುವ ಅವಕಾಶ 2019ರ ನಿಯಮಗಳಲ್ಲಿದೆ. ಅದಕ್ಕೆ ವೈದ್ಯರ ಶಿಫಾರಸು, ನೈತಿಕ ಸಮಿತಿಯ ಒಪ್ಪಿಗೆ ಬೇಕು, ಬೇರೆ ಚಿಕಿತ್ಸೆ ಇರಕೂಡದು. ಬೊಜ್ಜಿಗೆ ಅಂಗಡಿಯಲ್ಲಿ ಔಷಧ ಸಿಗುತ್ತಿರುವಾಗ ಈ ಷರತ್ತು ದಾಟುವುದು ಕಷ್ಟ. ಅಂಗಡಿಯ ಲೆಕ್ಕ ಹೀಗಿದೆ: ಟಿರ್ಜೆಪಟೈಡ್ ಭಾರತಕ್ಕೆ ಬಂದಾಗ ವಾರಕ್ಕೆ ಬೇಕಾದ ಒಂದು ಸೀಸೆಗೆ, ಅದೂ ಅತಿ ಕಡಿಮೆ ಡೋಸಿಗೆ, 3,500 ರೂಪಾಯಿ. ತಿಂಗಳಿಗೆ 14,000. ಸೆಮಾಗ್ಲುಟೈಡ್‌ನ ಮುಖ್ಯ ಪೇಟೆಂಟ್ ಭಾರತದಲ್ಲಿ 2026ರ ಮಾರ್ಚ್‌ವರೆಗಿನದಾಗಿತ್ತು. ಅದು ಮುಗಿದ ಮೇಲೆ ದೇಶೀ ಕಂಪನಿಗಳ ಪೈಪೋಟಿಯಿಂದ ಬೆಲೆ ಇಳಿಯಬೇಕು ಎಂಬ ಲೆಕ್ಕಾಚಾರ ಹಲವರದಾಗಿತ್ತು.

ಹೀಗಾಗಿ ಸಹಿ ಹಾಕುವ ಮುನ್ನ ಮೂರು ಮಾತು ಬರೆಯಿಸಿಕೊಳ್ಳಿ. ಕೊನೆಯ ಚುಚ್ಚುಮದ್ದು ಯಾವ ತಿಂಗಳು? ಆಮೇಲೆ ಎಷ್ಟು ದಿನ ನೋಡಿಕೊಳ್ಳುತ್ತೀರಿ? ನನಗೆ ಸಿಕ್ಕಿದ್ದು ಔಷಧವೋ ಪ್ಲಸೀಬೊವೋ ಎಂದು ಯಾವಾಗ ತಿಳಿಸುತ್ತೀರಿ? ಕೊನೆಯದಕ್ಕೆ ಉತ್ತರ ಬರಲು ತಡವಾಗುತ್ತದೆ, ಎಲ್ಲ ಕೇಂದ್ರಗಳ ಲೆಕ್ಕ ಮುಗಿಯಬೇಕು. ಆದರೂ ಕೇಳುತ್ತಿರಿ.

ಕೊನೆಯ ಭೇಟಿಗೆ ಏನೇನು ತರಬೇಕು?

ಖಾಲಿ ಪೆನ್ನುಗಳು, ಉಳಿದ ಪೆನ್ನುಗಳು, ಸೂಜಿ ಡಬ್ಬಿ, ಡೈರಿ. ಮೊದಲ ದಿನ ಹಾಕಿಕೊಂಡಿದ್ದಷ್ಟೇ ಬಳೆ. ಖಾಲಿ ಹೊಟ್ಟೆಯಲ್ಲಿ ಬನ್ನಿ, ತೂಕ ನೋಡಿ ರಕ್ತ ತೆಗೆದ ಮೇಲೆ ಕೆಳಗಿನ ಕ್ಯಾಂಟೀನಿನಲ್ಲಿ ಇಡ್ಲಿಯ ಕೂಪನ್ ಇರುತ್ತದೆ.